ಟಾಂಕಿ ನಂಬರ್ ಮೂರು

ಪಿಂಪರಿ. ಮೇ ತಿಂಗಳು. ಬೆಳಗಿನ ಹತ್ತೂವರೆ.
ನನ್ನ ಕೈಯಲ್ಲಿ ಟೇಪು, ಕ್ಯಾಲ್ಕುಲೇಟರು, ಹದಿನೇಳು ಪುಟದ ನಮೂನೆ.
ಬೇಲಿಗೆ ಮೈ ತಾಗಿಸಿ ನಿಂತಿವೆ
ಇಪ್ಪತ್ತೆರಡು ಅಂತಸ್ತಿನ ಹೊಸ ಮನೆಗಳು,
ಪಂಕ್ತಿಯಲ್ಲಿ ಎಲೆ ಖಾಲಿಯಾಗುವುದನ್ನೇ
ಬೆನ್ನ ಹಿಂದೆ ನಿಂತು ಕಾಯುವವರ ಹಾಗೆ.

ಕೀಲಿ ತೆಗೆಯಲು ಬಂದವರು ಶಾಂತವೀರ ಹತ್ತರಕಿ,
ಇಂಡಿ ಕಡೆಯವರು. ನಿವೃತ್ತರಾಗಿ ಹನ್ನೊಂದು ವರ್ಷ,
ಎಂಟು ತಿಂಗಳ ಪಗಾರ ಇನ್ನೂ ಬಾಕಿ.
ಅಂಗಿಗೆ ಇಸ್ತ್ರಿ, ಜೇಬಿನ ಮೇಲೆ ಹಳೆಯ ಬಿಲ್ಲೆ.
"ಕನ್ನಡದವರೇನ್ರಿ? ಚಲೋ ಆತು.
ನಮ್ಮ ಮಾತಿನ್ಯಾಗ ಹೇಳತೀನಿ, ನಿಮ್ಮ ಲೆಕ್ಕದಾಗ ಬರಕೋರಿ."

ಟಾಂಕಿ ಒಂದು: ತೂತು.
ಟಾಂಕಿ ಎರಡು: ಅರ್ಧ ಕೊಯ್ದು ಯಾರೋ ಒಯ್ದಿದ್ದಾರೆ.
ಮೂರನೆಯದರ ಹೊಟ್ಟೆಗೆ
ಗಬ್ಬದ ಎಮ್ಮೆಗೆ ತಟ್ಟುವಂತೆ ಅಂಗೈ ತಟ್ಟಿದರು.

"ಇದರಾಗ ಬೂಸ್ಟು ಸಾಕತಿದ್ವಿ.
ರೊಟ್ಟಿಗೆ ಬಂದ್ರ ಒಗೀತಾರಲ್ಲ, ಅದೇ ಜಾತಿ.
ಗೋವಿನಜ್ವಾಳದ ನೀರು, ಸಕ್ಕರಿ, ಸೋಸಿದ ಗಾಳಿ.
ಒಂದು ಡಿಗ್ರಿ ಏರಿದ್ರ ಸಾಕು, ಮುನಿಸು.
ಏಳು ರಾತ್ರಿ ಕಾಯಬೇಕು, ಬಾಣಂತಿ ಕಾಯ್ದಂಗ.
ಎಂಟನೇ ದಿನಕ್ಕ ಪೆನ್ಸಿಲಿನ್."

ಒಮ್ಮೆ ಇಡೀ ಟಾಂಕಿ ಕೆಟ್ಟಿತಂತೆ.
ಹದಿನಾಲ್ಕು ರೂಪಾಯಿಯ ವಾಷರು ಸವೆದಿತ್ತು,
ಹೊಸದಕ್ಕೆ ಮೂರು ಟೆಂಡರು ಬೇಕೆಂದು
ದಿಲ್ಲಿಯಲ್ಲಿ ಫೈಲು ನಾಲ್ಕು ತಿಂಗಳು ನಿದ್ದೆ ಹೊಡೆದಿತ್ತು.
ಬೆಳಗಿನ ಜಾವ ವಾಲ್ವು ಬಿಚ್ಚಿ ಎಲ್ಲವನ್ನೂ ಮೋರಿಗೆ ಬಿಟ್ಟರು.
ಎರಡು ದಿನ ಊರೆಲ್ಲ ಹುಳಿ ವಾಸನೆ.

ಕೇಳಿದೆ: ಕೆಲಸ ಕದಿಯುವವರು ಇರಲಿಲ್ಲವೆ?
"ಇಲ್ಲದೇನ್ರಿ! ಕ್ಯಾಂಟೀನಿನಾಗ ರಮ್ಮಿ ನಡದಿರತಿತ್ತು.
ಸ್ಟೋರಿನಾಗ ಒಬ್ಬಾವ, ಯಾರದೋ ಭಾವಮೈದುನ,
ಹದಿನೆಂಟು ವರ್ಷ ಒಂದು ಪಾನಾ ಎತ್ತಲಿಲ್ಲ.
ಅವನದು ಮಾತ್ರ ಒಂದು ಪೈ ಬಾಕಿ ಇಲ್ಲ."
ನಕ್ಕರು. ನಗುವಾಗ ಕೆಮ್ಮು ಬಂತು.

ನನ್ನ ನಮೂನೆಯಲ್ಲಿ ಕಾಲಮ್ಮುಗಳಿವೆ:
ಮೂಲ ಬೆಲೆ, ಸವಕಳಿ, ಉಳಿಕೆ ಮೌಲ್ಯ.
ಅವರು ಕನ್ನಡಕ ಏರಿಸಿ ಬಗ್ಗಿ ಓದಿದರು.
"ನಾವು ಮಾಡೂಕಿಂತ ಮೊದಲು ಒಂದು ಸೀಸೆ
ಹಡಗಿನಾಗ ಬರತಿತ್ತು, ಅವರು ಹೇಳಿದ್ದೇ ರೇಟು.
ನಾವು ಮಾಡಾಕ ಹತ್ತಿದ ಮ್ಯಾಲ ಅವರೂ ಇಳಿಸಿದ್ರು.
ಅಂದ್ರ, ನಮ್ಮ ಸೀಸೆ ತಗೊಳ್ಳದವರಿಗೂ
ನಾವು ಸಸ್ತಾ ಮಾಡಿದ್ವಿ.
ಇದನ್ನ ಯಾವ ಖಾನೇದಾಗ ಬರೀತೀರಿ?"

ನಾನು ಪುಟ ತಿರುವಿದೆ. ಹದಿನೇಳರಲ್ಲೂ ಇರಲಿಲ್ಲ.

"ಆಮ್ಯಾಲ ಹುಕುಂ ಬಂತು: ಮಾಡೂ ಖರ್ಚಿಗಿಂತ ಕಡಿಮಿಗೆ ಮಾರ್ರಿ,
ಬಡವರ ದೇಶ. ಮಾರಿದ್ವಿ.
ಆಮ್ಯಾಲ ಅವರೇ ಬಂದು ಕೇಳಿದ್ರು:
ಯಾಕ್ರಿ, ನಷ್ಟದಾಗ ಅದೀರಿ?"

ಮಾಡಿನ ತೂತಿನಿಂದ ಬಿಸಿಲಿನ ಒಂದು ನಾಣ್ಯ
ಟಾಂಕಿಯ ಕೊರಳ ಮೇಲೆ ಬಿದ್ದು ಜಾರುತ್ತಿತ್ತು.
ನಾನು ಸುತ್ತಳತೆ ಹಿಡಿದೆ, ದಪ್ಪ ಅಳೆದೆ,
ಬರೆದೆ: ಸ್ಟೇನ್‌ಲೆಸ್ ಉಕ್ಕು, ಅಂದಾಜು ಹನ್ನೆರಡು ಟನ್ನು.

ಇಷ್ಟು ಹೊತ್ತು ಹೇಳಿದ್ದಕ್ಕೆ
ಕಣ್ಣೀರು ಬಂದೀತೆಂದು ಮುಖ ಬೇರೆಡೆ ಮಾಡಿಕೊಂಡಿದ್ದೆ.
ಅವರು ಕೇಳಿದ್ದು, "ಕಿಲೋ ಏನು ನಡದೈತಿ?"
ನೂರಾ ಹತ್ತು, ಅಂದೆ.
ನನ್ನ ಬೆರಳು ಗುಂಡಿ ಮುಟ್ಟುವ ಮೊದಲೇ
ಅವರ ತುಟಿ ಲೆಕ್ಕ ಮುಗಿಸಿತ್ತು.
"ಹದಿಮೂರು ಲಕ್ಷದ ಇಪ್ಪತ್ತು ಸಾವಿರ.
ನಮ್ಮ ಪಾಳಿ ಆರು ಮಂದಿದು ಎಂಟೆಂಟು ತಿಂಗಳು.
ಬರೋಬ್ಬರಿ ಆಗತೈತಿ.
ಲಗೂನ ಮಾರಸ್ರಿ ಸಾಹೇಬ್ರ,
ಆರರಾಗ ಇಬ್ಬರು ಆಗಲೇ ಹೋಗ್ಯಾರ."

ಹೊರಬಂದೆವು.
ಅವರು ಗೇಟಿಗೆ ಕೀಲಿ ಜಡಿದು
ಒಮ್ಮೆ ಜಗ್ಗಿದರು, ಮತ್ತೊಮ್ಮೆ ಜಗ್ಗಿದರು.
ಹಿಂದಿನ ಗೋಡೆ ಬಿದ್ದು ಎರಡು ಮಳೆಗಾಲವಾಗಿದೆ.
ಅಲ್ಲಿಂದ ಹುಡುಗರಿಬ್ಬರು ಚೆಂಡು ಹುಡುಕುತ್ತ ಒಳಗಿಳಿಯುತ್ತಿದ್ದರು.
ಅವರು ಮೂರನೆಯ ಸಲವೂ ಜಗ್ಗಿದರು.